ಅಚ್ಚು, ಪಡಿಯಚ್ಚು, ಆದೇಶಪಟ್ಟಿ: ಕನ್ನಡ ಸಂಶೋಧನೆಯ ಗಣಕ ಪರಿಸರವನ್ನು ಉಳಿಸಿಕೊಳ್ಳುವ ಬಗೆ

ಹಸ್ತಪ್ರತಿಯೊಂದು ಕೈಗೆ ಬಂದಾಗ ಗ್ರಂಥಸಂಪಾದಕರು ಕೇಳಿಕೊಳ್ಳುವ ಮೊದಲ ಪ್ರಶ್ನೆಗಳು ಪಠ್ಯದ ಅರ್ಥಕ್ಕೆ ಸಂಬಂಧಿಸಿದವಲ್ಲ. ಅದನ್ನು ಪ್ರತಿಮಾಡಿದವರು ಯಾರು, ಯಾವ ಮಾತೃಕೆಯನ್ನು ಮುಂದಿಟ್ಟುಕೊಂಡು ಪ್ರತಿಮಾಡಿದರು, ಯಾವ ಕಾಲದಲ್ಲಿ ಎಂಬುವು ಮೊದಲು ಇತ್ಯರ್ಥವಾಗಬೇಕು. ಡಿ.ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ಯಂತಹ ಕೃತಿಗಳ ಮೂಲಕ ಈ ಶಿಸ್ತು ಕನ್ನಡ ವಿಭಾಗಗಳಲ್ಲಿ ತಲೆಮಾರುಗಳಿಂದ ಬೇರೂರಿದೆ. ಆದರೆ ಇದೇ ವಿಭಾಗಗಳಲ್ಲಿ ಗಣಕದ ನೆರವಿನಿಂದ ಸಿದ್ಧವಾಗುವ ಪದಸೂಚಿ, ಪ್ರಯೋಗಕೋಶ, ಪಠ್ಯಭಂಡಾರಗಳ ವಿಷಯದಲ್ಲಿ ಇಂತಹ ಪ್ರಶ್ನೆ ಏಳುವುದು ವಿರಳ. ಪಟ್ಟಿ ಯಾವ ಗಣಕದಲ್ಲಿ, ತಂತ್ರಾಂಶದ ಯಾವ ಆವೃತ್ತಿಯಿಂದ, ಯಾವ ಹೊಂದಾಣಿಕೆಗಳೊಡನೆ ಸಿದ್ಧವಾಯಿತು ಎಂಬ ವಿವರ ಪ್ರಬಂಧದ ಪೀಠಿಕೆಯಲ್ಲೂ ಅನುಬಂಧದಲ್ಲೂ ಸಾಮಾನ್ಯವಾಗಿ ಸಿಗುವುದಿಲ್ಲ.

ಈ ಮೌನಕ್ಕೆ ಬೆಲೆ ತೆರಬೇಕಾಗುತ್ತದೆ. ಸಂಶೋಧಕರ ಅವಧಿ ಮುಗಿದು ಅವರು ಬಳಸಿದ ಗಣಕ ಮೂಲೆ ಸೇರಿದ ಮೇಲೆ, ಅವರ ಫಲಿತಾಂಶವನ್ನು ಮತ್ತೊಬ್ಬರು ಪರಿಶೀಲಿಸುವ ದಾರಿಯೇ ಮುಚ್ಚಿಹೋಗುತ್ತದೆ. ಪಠ್ಯವನ್ನು ಕಾಪಾಡುವಂತೆ, ಆ ಪಠ್ಯವನ್ನು ಸಂಸ್ಕರಿಸಿದ ಗಣಕ ಪರಿಸರವನ್ನೂ ಕಾಪಾಡಬೇಕಾದುದು ಅಗತ್ಯ. ಅದಕ್ಕೆ ಇಂದು ಲಭ್ಯವಿರುವ ಸಮರ್ಥ ಸಾಧನವೆಂದರೆ ವರ್ಚುಯಲ್ ಮಷೀನಿನ ಮರುಬಳಕೆಯ ಅಚ್ಚು. ಆ ಅಚ್ಚನ್ನು ತೆರೆಯ ಮೇಲಿನ ಗುಂಡಿಗಳನ್ನು ಒತ್ತಿ ರೂಪಿಸದೆ, ಬರಹದ ಆದೇಶಗಳ ಮೂಲಕವೇ ರೂಪಿಸಬೇಕೆಂಬುದು ಇಲ್ಲಿನ ಪ್ರತಿಪಾದನೆ.

1. ಪಾಠಭೇದಕ್ಕೆ ಕಾರಣವಾಗುವ ಗಣಕ

ಗಣಕವು ತಟಸ್ಥವಾದ ಉಪಕರಣ, ಪಠ್ಯವೊಂದನ್ನು ಕೊಟ್ಟರೆ ಎಲ್ಲಿಯೂ ಒಂದೇ ಫಲಿತಾಂಶ ಬರುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಕನ್ನಡದ ಮಟ್ಟಿಗೆ ಇದು ಸರಿಯಲ್ಲ. ಮೂರು ನಿದರ್ಶನಗಳನ್ನು ಗಮನಿಸಬಹುದು.

ಮೊದಲನೆಯದು ಅಕಾರಾದಿ. ಸಾಂಪ್ರದಾಯಿಕ ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ ಬರುತ್ತದೆ. ಯೂನಿಕೋಡ್ ಸಂಕೇತಗಳ ಅನುಕ್ರಮದಲ್ಲಿಯಾದರೋ ‘ಳ’ವು ‘ಲ’ದ ಬೆನ್ನಿಗೇ ನಿಂತು ‘ವ’ಕ್ಕಿಂತ ಮುಂದೆ ಬರುತ್ತದೆ. ಹಳಗನ್ನಡದ ‘ಱ’ವು ‘ರ’ದ ಪಕ್ಕದಲ್ಲಿದ್ದರೆ, ‘ೞ’ವು ಉಳಿದ ವ್ಯಂಜನಗಳನ್ನೂ ಸ್ವರಚಿಹ್ನೆಗಳನ್ನೂ ದಾಟಿ ದೂರದಲ್ಲಿದೆ. ಗಣಕದಲ್ಲಿ ಕನ್ನಡದ ವಿಂಗಡಣೆಯ ನಿಯಮಗಳನ್ನು ಅಳವಡಿಸದಿದ್ದರೆ ಅದು ಸಂಕೇತಗಳ ಅನುಕ್ರಮವನ್ನೇ ಹಿಡಿಯುತ್ತದೆ. ಒಂದೇ ಕಾವ್ಯದ ಒಂದೇ ಪದಪಟ್ಟಿ ಎರಡು ಗಣಕಗಳಲ್ಲಿ ಎರಡು ಕ್ರಮಗಳನ್ನು ತಾಳುವುದು ಹೀಗೆ. ‘ಅೞಲ್’ ಎಂಬ ಪದವನ್ನು ಇರಬೇಕಾದ ಸ್ಥಳದಲ್ಲಿ ಕಾಣದೆ, ಅದು ಆ ಕಾವ್ಯದಲ್ಲಿ ಪ್ರಯೋಗವಾಗಿಲ್ಲವೆಂದು ಓದುಗರು ತೀರ್ಮಾನಿಸುವ ಅಪಾಯವಿದೆ.

ಎರಡನೆಯದು ಹಳೆಯ ಸಂಕೇತಗಳ ಪರಿವರ್ತನೆ. ಕನ್ನಡವು 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಸ್ಥಾನ ಪಡೆದಿದ್ದರೂ, 1998ರಲ್ಲಿ ಬಂದ ಬರಹ ಮತ್ತು ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳಲ್ಲಿ ಬಹುಕಾಲ ಬೆರಳಚ್ಚಾದ ಪಠ್ಯಗಳು ಲ್ಯಾಟಿನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ತುಂಬಿದಂತಹವು. ಅವು ಓದಲು ಸಿಗಬೇಕಾದರೆ ಆ ಫಾಂಟೇ ಬೇಕು. ಅವನ್ನು ಯೂನಿಕೋಡಿಗೆ ತರುವಾಗ ಅರ್ಕಾವತ್ತಿನಂತಹ ಚಿಹ್ನೆಗಳು ಸ್ಥಾನಪಲ್ಲಟಗೊಳ್ಳಬೇಕಾಗುತ್ತದೆ. ಹಳೆಯ ಸಂಕೇತದಲ್ಲಿ ಅಕ್ಷರದ ನಂತರ ಬರುವ ಚಿಹ್ನೆಯು ಯೂನಿಕೋಡಿನಲ್ಲಿ ರೇಫವಾಗಿ ಅಕ್ಷರಕ್ಕೆ ಮೊದಲೇ ಬರಬೇಕು. ಈ ಪಲ್ಲಟವನ್ನು ಎಲ್ಲ ಪರಿವರ್ತಕಗಳೂ ಒಂದೇ ಸಮನಾಗಿ ನಿರ್ವಹಿಸುತ್ತವೆಂದು ಹೇಳಲಾಗದು.

ಮೂರನೆಯದು ಮುದ್ರಿತ ಪುಟದ ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಕಾರ್ಯ. 2005ರಲ್ಲಿ ಮುಕ್ತ ತಂತ್ರಾಂಶವಾದ ಟೆಸೆರಾಕ್ಟ್, 2018ರ ನಾಲ್ಕನೆಯ ಆವೃತ್ತಿಯಲ್ಲಿ ನರಜಾಲ ಮಾದರಿಯ ಹೊಸ ವಿಧಾನವನ್ನು ಅಳವಡಿಸಿಕೊಂಡಿತು. ಉಬುಂಟು 22.04ರ ಭಂಡಾರದಲ್ಲಿ ಇದರ 4.1ರ ಸರಣಿಯೂ 24.04ರ ಭಂಡಾರದಲ್ಲಿ 5.3ರ ಸರಣಿಯೂ ಸಿಗುತ್ತದೆ. ಅನುಸ್ಥಾಪನೆಯ ಆದೇಶ ಎರಡರಲ್ಲೂ ಒಂದೇ; ಸಿಗುವ ತಂತ್ರಾಂಶ ಮಾತ್ರ ಬೇರೆ. ‘ಟೆಸೆರಾಕ್ಟ್ ಬಳಸಲಾಗಿದೆ’ ಎಂಬ ಒಂದು ಸಾಲಿನ ಹೇಳಿಕೆ ‘ಒಂದು ಓಲೆಪ್ರತಿಯನ್ನು ನೋಡಲಾಗಿದೆ’ ಎಂಬ ಹೇಳಿಕೆಯಷ್ಟೇ ಅಸ್ಪಷ್ಟವಾಗುವುದು ಈ ಕಾರಣದಿಂದ.

2. ಅಚ್ಚಿಗೂ ಪಡಿಯಚ್ಚಿಗೂ ಇರುವ ಅಂತರ

ವರ್ಚುಯಲ್ ಮಷೀನ್ ಎಂದರೆ ಒಂದು ಗಣಕದೊಳಗೆ ತಂತ್ರಾಂಶದಿಂದಲೇ ರೂಪುಗೊಳ್ಳುವ ಮತ್ತೊಂದು ಗಣಕ. ಈ ಕಲ್ಪನೆ ಹೊಸದಲ್ಲ. 1960ರ ದಶಕದಲ್ಲಿ ಐಬಿಎಂ ಸಂಸ್ಥೆಯ ಕೇಂಬ್ರಿಜ್ ವಿಜ್ಞಾನ ಕೇಂದ್ರದಲ್ಲಿ ಇದರ ಪ್ರಯೋಗಗಳು ನಡೆದು, 1972ರಲ್ಲಿ ವಿಎಂ/370 ಎಂಬ ವ್ಯವಸ್ಥೆ ಪ್ರಕಟವಾಯಿತು. 1999ರಲ್ಲಿ ವಿಎಂವೇರ್ ಸಂಸ್ಥೆ ಇದನ್ನು ಮೇಜಿನ ಮೇಲಿನ ಗಣಕಕ್ಕೆ ತಂದಿತು. 2006ರಲ್ಲಿ ಅಮೆಜಾನ್ ಇಂತಹ ಯಂತ್ರಗಳನ್ನು ಅಂತರಜಾಲದ ಮೂಲಕ ಬಾಡಿಗೆಗೆ ಕೊಡತೊಡಗಿತು. 2010ರಲ್ಲಿ ಮೈಕ್ರೋಸಾಫ್ಟಿನ ಅಜೂರ್ ಸೇವೆ ವಾಣಿಜ್ಯ ಬಳಕೆಗೆ ತೆರೆದುಕೊಂಡಿತು. ಇಂತಹ ಬಾಡಿಗೆಯ ವ್ಯವಸ್ಥೆಗೇ ಕ್ಲೌಡ್ ಎಂಬ ಹೆಸರು ರೂಢವಾಗಿದೆ.

ಇಂತಹ ಯಂತ್ರವನ್ನು ಉಳಿಸಿಡುವಲ್ಲಿ ಎರಡು ಬಗೆಗಳಿವೆ. ಯಂತ್ರವನ್ನು ಅದರ ಹೆಸರು, ಬಳಕೆದಾರರ ಖಾತೆ, ಗುಟ್ಟಿನ ಕೀಲಿಗಳ ಸಮೇತ ಇದ್ದುದಿದ್ದಂತೆ ನಕಲು ಮಾಡುವುದು ಒಂದು. ಆ ವೈಯಕ್ತಿಕ ಗುರುತುಗಳನ್ನೆಲ್ಲ ಅಳಿಸಿ, ಯಾರು ಬೇಕಾದರೂ ತಮ್ಮ ಹೆಸರಿನಲ್ಲಿ ಹೊಸ ಯಂತ್ರವನ್ನು ಎರಕ ಹೊಯ್ದುಕೊಳ್ಳುವಂತೆ ಸಿದ್ಧಪಡಿಸುವುದು ಇನ್ನೊಂದು. ಮೊದಲನೆಯದು ಶಾಸನತಜ್ಞರ ಪಡಿಯಚ್ಚಿನಂತಹುದು. ಕಲ್ಲಿನ ಬಿರುಕು, ಸವಕಳಿ, ಕಂಡರಣೆಯವನ ತಪ್ಪು ಯಾವುದನ್ನೂ ಪಡಿಯಚ್ಚು ಬಿಡಬಾರದು. ಇದ್ದುದೆಲ್ಲವನ್ನೂ ಒತ್ತಿಕೊಳ್ಳುವುದೇ ಅದರ ಧರ್ಮ. ಎರಡನೆಯದು ಅಚ್ಚು. ಒಂದರಿಂದ ಹಲವು ಹುಟ್ಟಬೇಕಾದ್ದರಿಂದ, ಒಂದಕ್ಕೇ ವಿಶಿಷ್ಟವಾದುದೆಲ್ಲ ಅದರಿಂದ ತೊಲಗಬೇಕು. ಸಂಶೋಧನೆಯ ಹಂಚಿಕೆಗೆ ಬೇಕಾದುದು ಈ ಎರಡನೆಯದು. ಇವೆರಡರ ಭೇದವನ್ನು ಅರಿಯದೆ ಪಡಿಯಚ್ಚನ್ನೇ ಅಚ್ಚೆಂದು ಹಂಚಿದರೆ ಸಂಶೋಧಕರ ಗುಪ್ತಪದಗಳೂ ಖಾಸಗಿ ಕಡತಗಳೂ ಅದರ ಜೊತೆಯಲ್ಲಿಯೇ ಹರಡುತ್ತವೆ.

3. ಅಚ್ಚು ಸಿದ್ಧವಾಗುವ ಕ್ರಮ

ಅಜೂರ್ ಸೇವೆಯನ್ನು ನಿದರ್ಶನವಾಗಿ ಇಟ್ಟುಕೊಂಡು ಈ ಕಾರ್ಯದ ಹಂತಗಳನ್ನು ನೋಡಬಹುದು. ಈ ಸೇವೆಯ ಆದೇಶಸಾಲಿನ ಉಪಕರಣವಾದ ಅಜೂರ್ ಸಿಎಲ್‌ಐ ಇಂದಿನ ರೂಪದಲ್ಲಿ 2017ರಲ್ಲಿ ಬಿಡುಗಡೆಯಾಯಿತು. ಅದರ ಆದೇಶಗಳೆಲ್ಲ ಎ ಮತ್ತು ಜಡ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿಂದ ಆರಂಭವಾಗುತ್ತವೆ. ಅನಂತರ ಯಾವುದರ ಮೇಲೆ ಕ್ರಿಯೆ, ಯಾವ ಕ್ರಿಯೆ ಎಂಬುದನ್ನು ಹೇಳುವ ಪದಗಳು ಬರುತ್ತವೆ.

ಮೊದಲು ‘ಗ್ರೂಪ್ ಕ್ರಿಯೇಟ್’ ಎಂಬ ಆದೇಶದಿಂದ ಸಂಪನ್ಮೂಲಗಳನ್ನು ಒಟ್ಟಿಗೆ ಇಡುವ ಒಂದು ಗುಂಪನ್ನು, ಪುಣೆಯಲ್ಲಿರುವ ‘ಸೆಂಟ್ರಲ್ ಇಂಡಿಯಾ’ ಕೇಂದ್ರವನ್ನು ಹೆಸರಿಸಿ ರಚಿಸಬಹುದು. ‘ವಿಎಂ ಕ್ರಿಯೇಟ್’ ಆದೇಶದಿಂದ ಆ ಗುಂಪಿನೊಳಗೆ ಉಬುಂಟು 24.04 ಇರುವ ಯಂತ್ರವೊಂದು ಹುಟ್ಟುತ್ತದೆ. ಅದರೊಳಗೆ ಟೆಸೆರಾಕ್ಟ್, ಅದರ ಕನ್ನಡ ದತ್ತಾಂಶ, ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟ್‌ಗಳು, ಕನ್ನಡದ ವಿಂಗಡಣೆಯ ಹೊಂದಾಣಿಕೆ ಇವನ್ನೆಲ್ಲ ಅನುಸ್ಥಾಪಿಸಬೇಕು. ಇದನ್ನೂ ಕೈಯಿಂದ ಮಾಡದೆ ಒಂದು ಕಡತದಲ್ಲಿ ಬರೆದಿಟ್ಟ ಆದೇಶಗಳಿಂದಲೇ ಮಾಡುವುದು ಲೇಸು. ಬಳಿಕ ಫಲಿತಾಂಶ ಮೊದಲೇ ಗೊತ್ತಿರುವ ಒಂದು ಪರೀಕ್ಷಾಪಠ್ಯವನ್ನು ಆ ಯಂತ್ರಕ್ಕೆ ಉಣಿಸಿ, ‘ಳ’ ಮತ್ತು ‘ೞ’ಗಳು ನಿರೀಕ್ಷಿತ ಸ್ಥಾನಗಳಲ್ಲಿ ಬಂದಿವೆಯೇ ಎಂದು ನೋಡಬೇಕು.

ಅನಂತರದ್ದು ಗುರುತು ಅಳಿಸುವ ಹಂತ. ಲಿನಕ್ಸ್ ಯಂತ್ರದೊಳಗೆ ಇರುವ ‘ವಾಏಜೆಂಟ್’ ಎಂಬ ಸಹಾಯಕ ತಂತ್ರಾಂಶಕ್ಕೆ ‘ಡಿಪ್ರಾವಿಷನ್’ ಎಂಬ ಸೂಚನೆಯನ್ನು ಬಳಕೆದಾರರ ಖಾತೆಯನ್ನೂ ಸೇರಿಸಿ ಕೊಟ್ಟರೆ, ಯಂತ್ರದ ಹೆಸರು, ಜಾಲದ ಕೀಲಿಗಳು, ಕೊನೆಯದಾಗಿ ರಚಿತವಾದ ಖಾತೆ ಇವು ಅಳಿಯುತ್ತವೆ. ವಿಂಡೋಸ್ ಯಂತ್ರದಲ್ಲಿ ಇದೇ ಕಾರ್ಯವನ್ನು ‘ಸಿಸ್‌ಪ್ರೆಪ್’ ಮಾಡುತ್ತದೆ. ಆಮೇಲೆ ಹೊರಗಿನಿಂದ ‘ವಿಎಂ ಡಿಅಲೊಕೇಟ್’ ಆದೇಶವಿತ್ತು ಯಂತ್ರವನ್ನು ನಿಲ್ಲಿಸಿ, ‘ವಿಎಂ ಜನರಲೈಜ್’ ಆದೇಶದಿಂದ ಅದನ್ನು ಸಾಮಾನ್ಯೀಕೃತ ಯಂತ್ರವೆಂದು ಗುರುತಿಸಬೇಕು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೀಗೆ ಗುರುತಿಸಿದ ಯಂತ್ರವನ್ನು ಮತ್ತೆ ಚಾಲನೆ ಮಾಡಲಾಗದು. ಮಣ್ಣಿನ ಅಚ್ಚು ಸಿದ್ಧವಾಗಲು ಒಳಗಿನ ಮೇಣದ ಬೊಂಬೆ ಕರಗಿಹೋಗುವಂತೆ ಮೂಲಯಂತ್ರ ಇಲ್ಲಿ ತನ್ನ ಬಾಳನ್ನು ಮುಗಿಸುತ್ತದೆ. ಆದುದರಿಂದ ದಿನನಿತ್ಯದ ಕೆಲಸದ ಯಂತ್ರವನ್ನು ಇದಕ್ಕೆ ಒಡ್ಡದೆ, ಇದಕ್ಕೆಂದೇ ಒಂದು ಯಂತ್ರವನ್ನು ಕಟ್ಟಬೇಕು.

ಹಿಂದೆ ‘ಇಮೇಜ್ ಕ್ರಿಯೇಟ್’ ಎಂಬ ಒಂದೇ ಆದೇಶದಿಂದ ಅಚ್ಚನ್ನು ಪಡೆಯುವುದು ರೂಢಿಯಲ್ಲಿತ್ತು. ಹೆಚ್ಚಿನ ಭದ್ರತೆಯೊಡನೆ ರಚಿತವಾಗುವ ಈಚಿನ ಯಂತ್ರಗಳಿಗೆ ಗ್ಯಾಲರಿ ಎಂಬ ಅಚ್ಚುಗಳ ಭಂಡಾರದ ಮಾರ್ಗವನ್ನು ಹಿಡಿಯಬೇಕು. ‘ಎಸ್ಐಜಿ ಕ್ರಿಯೇಟ್’ ಆದೇಶದಿಂದ ಭಂಡಾರವನ್ನೂ, ‘ಇಮೇಜ್ ಡೆಫಿನಿಷನ್’ ಎಂಬುದರಿಂದ ಅಚ್ಚಿನ ಲಕ್ಷಣವನ್ನೂ, ‘ಇಮೇಜ್ ವರ್ಷನ್’ ಎಂಬುದರಿಂದ ಅದರ ಒಂದು ಆವೃತ್ತಿಯನ್ನೂ ದಾಖಲಿಸಬೇಕು. ಆವೃತ್ತಿಗೆ 1.0.0 ಎಂಬಂತೆ ಮೂರು ಅಂಕಿಗಳ ಹೆಸರು ಕಡ್ಡಾಯ. ಕೃತಿ ಒಂದೇ ಇದ್ದು ಮುದ್ರಣಗಳು ಹಲವಾಗುವಂತೆ, ಲಕ್ಷಣ ಒಂದೇ ಇದ್ದು ಆವೃತ್ತಿಗಳು ಬೆಳೆಯುತ್ತ ಹೋಗುತ್ತವೆ. ಈ ಆವೃತ್ತಿಯನ್ನು ಹೆಸರಿಸಿ ಮತ್ತೆ ‘ವಿಎಂ ಕ್ರಿಯೇಟ್’ ಆದೇಶವನ್ನು ಕೊಟ್ಟರೆ ಅದೇ ಫಾಂಟ್, ಅದೇ ತಂತ್ರಾಂಶ, ಅದೇ ಹೊಂದಾಣಿಕೆಗಳುಳ್ಳ ಹೊಸ ಯಂತ್ರ ಎದ್ದು ನಿಲ್ಲುತ್ತದೆ. ಅಮೆಜಾನಿನಲ್ಲಿ ‘ಕ್ರಿಯೇಟ್ ಇಮೇಜ್’ ಎಂಬ ಒಂದೇ ಆದೇಶದಿಂದ ಯಂತ್ರದ ಪ್ರತಿ ಸಿದ್ಧವಾಗುತ್ತದೆ. ಆದರೆ ಖಾಸಗಿ ಕಡತಗಳನ್ನೂ ಖಾತೆಗಳನ್ನೂ ಮೊದಲೇ ಶುಚಿಗೊಳಿಸುವ ಹೊಣೆ ಬಳಸುವವರದೇ ಆಗಿರುತ್ತದೆ.

4. ಬರಹದ ಆದೇಶವೇ ಏಕೆ?

ಇದೇ ಕೆಲಸವನ್ನು ಜಾಲತಾಣದ ಪುಟದಲ್ಲಿ ಗುಂಡಿಗಳನ್ನು ಒತ್ತಿಯೂ ಮಾಡಬಹುದು. ಮೊದಲ ಸಲಕ್ಕೆ ಅದು ಸುಲಭವೂ ಹೌದು. ಆದರೆ ಒತ್ತಿದ ಗುಂಡಿಗಳ ಕ್ರಮವನ್ನು ಸಂಶೋಧಕರು ಪ್ರಬಂಧದೊಳಗೆ ತೋರಿಸಲಾರರು. ಬರಹದ ಆದೇಶಗಳು ಒಂದು ಕಡತದಲ್ಲಿ ಸಾಲುಸಾಲಾಗಿ ನಿಲ್ಲುತ್ತವೆ, ಅದೇ ಆದೇಶಪಟ್ಟಿ. ಅದನ್ನು ಓದಬಹುದು, ಪ್ರಶ್ನಿಸಬಹುದು, ತಿದ್ದಬಹುದು. ಎರಡು ವಿಭಾಗಗಳ ಪಟ್ಟಿಗಳನ್ನು ಎದುರುಬದುರು ಇಟ್ಟು ಪಾಠಭೇದಗಳನ್ನು ಗುರುತಿಸುವಂತೆಯೇ ಹೋಲಿಸಬಹುದು. ಪ್ರಬಂಧದ ಅನುಬಂಧದಲ್ಲಿ ಎರಡು ಪುಟಗಳಲ್ಲಿ ಅಚ್ಚು ಹಾಕಿಸಬಹುದು.

ಆದೇಶಪಟ್ಟಿಯೊಂದೇ ಸಾಲದೇ, ಹತ್ತಾರು ಗಿಗಾಬೈಟುಗಳ ಅಚ್ಚು ಏಕೆ ಬೇಕು ಎಂದು ಕೇಳಬಹುದು. ಪಟ್ಟಿ ಬೀಜವಿದ್ದಂತೆ, ಅದು ಮೊಳೆಯುವ ನೆಲ ಬದಲಾಗುತ್ತದೆ. ಇಂದಿನ ಪಟ್ಟಿಯನ್ನು ಕೆಲವು ವರ್ಷಗಳ ಬಳಿಕ ನಡೆಸಿದಾಗ ತಂತ್ರಾಂಶ ಭಂಡಾರದಲ್ಲಿ ಅದೇ ಆವೃತ್ತಿ ಸಿಗುತ್ತದೆಂಬ ಭರವಸೆಯಿಲ್ಲ. ಇತ್ತ ಅಚ್ಚೊಂದೇ ಇದ್ದರೆ ಅದರೊಳಗೆ ಏನಿದೆ, ಏಕಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಅಚ್ಚು ಫಲಿತಾಂಶದ ನೆನಪನ್ನು ಉಳಿಸುತ್ತದೆ. ಆದೇಶಪಟ್ಟಿ ಅದರ ತರ್ಕವನ್ನು ಉಳಿಸುತ್ತದೆ. ಎರಡೂ ಬೇಕು. ಆದರೆ ಒಂದನ್ನೇ ಆರಿಸಬೇಕಾಗಿ ಬಂದರೆ ಆದೇಶಪಟ್ಟಿಗೆ ಪ್ರಾಶಸ್ತ್ಯ ಸಲ್ಲಬೇಕು. ತರ್ಕ ಕೈಯಲ್ಲಿದ್ದರೆ, ಫಲಿತಾಂಶದಲ್ಲಿ ವ್ಯತ್ಯಾಸ ಬಂದಾಗ ಅದರ ಕಾರಣವನ್ನಾದರೂ ಹುಡುಕಬಹುದು.

5. ಕೆಲವು ಆಕ್ಷೇಪಗಳು

ಇದು ಕನ್ನಡ ವಿದ್ವಾಂಸರ ಕೆಲಸವಲ್ಲ, ತಂತ್ರಜ್ಞರದು ಎಂಬುದು ಮೊದಲ ಆಕ್ಷೇಪ. ಆದರೆ ‘ೞ’ಕಾರ ಎಲ್ಲಿ ನಿಲ್ಲಬೇಕು, ಶಿಥಿಲದ್ವಿತ್ವವನ್ನು ಹೇಗೆ ಗುರುತಿಸಬೇಕು, ಯಾವ ಪಾಠವನ್ನು ಪರೀಕ್ಷಾಪಠ್ಯವಾಗಿ ಇರಿಸಬೇಕು ಎಂಬುದನ್ನು ತಂತ್ರಜ್ಞರು ನಿರ್ಧರಿಸಲಾರರು. 1886ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಬರತೊಡಗಿದ ಕಾಲದಲ್ಲಿ ಕಲ್ಲಿನಿಂದ ಪಡಿಯಚ್ಚು ತೆಗೆಯುವುದೂ ವಿದ್ವತ್ತಿಗೆ ಹೊರಗಿನ ಕೈಗೆಲಸವಾಗಿಯೇ ತೋರಿದ್ದೀತು. ಅದಿಲ್ಲದೆ ಇಂದು ಶಾಸನಾಧ್ಯಯನವನ್ನು ಊಹಿಸುವುದು ಕಷ್ಟ.

ಎರಡನೆಯದು ವೆಚ್ಚ. ಇದು ನಿಜವಾದ ತೊಡಕು. ಯಂತ್ರವನ್ನು ಅದರೊಳಗಿನಿಂದಲೇ ಆರಿಸಿದರೆ ಅಜೂರಿನಲ್ಲಿ ಬಾಡಿಗೆ ನಿಲ್ಲುವುದಿಲ್ಲ. ಹೊರಗಿನಿಂದ ‘ಡಿಅಲೊಕೇಟ್’ ಆದೇಶವನ್ನು ಕೊಟ್ಟಾಗಲೇ ಯಂತ್ರದ ಬಾಡಿಗೆ ನಿಲ್ಲುತ್ತದೆ. ಅದಾದ ಮೇಲೂ ಡಿಸ್ಕಿನ ಶುಲ್ಕ ಮುಂದುವರಿಯುತ್ತದೆ. ಈ ಸಣ್ಣ ತಿಳಿವಳಿಕೆಯಿಲ್ಲದೆ ಯೋಜನೆಯ ಅನುದಾನ ಸೋರಿಹೋಗಬಹುದು. ಅಚ್ಚನ್ನು ಇಟ್ಟುಕೊಂಡು ಯಂತ್ರವನ್ನು ಬೇಕಾದಾಗ ಮಾತ್ರ ಎಬ್ಬಿಸಿ, ಕೆಲಸ ಮುಗಿದೊಡನೆ ಅಳಿಸಿಬಿಡುವ ಪದ್ಧತಿ ಖರ್ಚನ್ನು ತಗ್ಗಿಸುತ್ತದೆ. ಅಚ್ಚಿನ ಬಲವಿದ್ದವರಿಗಷ್ಟೇ ಹೀಗೆ ನಿರ್ಭಯವಾಗಿ ಅಳಿಸುವ ಧೈರ್ಯ ಬರುತ್ತದೆ.

ಮೂರನೆಯದು ಪರಾವಲಂಬನೆ. ಕನ್ನಡದ ವಿದ್ವತ್ ಸಂಪತ್ತನ್ನು ವಿದೇಶೀ ವಾಣಿಜ್ಯ ಸಂಸ್ಥೆಯ ಭಂಡಾರದಲ್ಲಿ ಇರಿಸುವುದು ವಿವೇಕವೇ ಎಂಬ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಸೇವೆಗಳ ಹೆಸರೂ ದರವೂ ನಿಯಮಗಳೂ ಬದಲಾಗುತ್ತವೆ. ಇದಕ್ಕೆ ಪರಿಹಾರವೆಂದರೆ ಅಚ್ಚಿನ ಇನ್ನೊಂದು ಪ್ರತಿಯನ್ನು ಹೊರಗೆ ತಂದುಕೊಳ್ಳುವುದು. ಡಿಸ್ಕನ್ನು ವಿಎಚ್‌ಡಿ ರೂಪದ ಕಡತವಾಗಿ ಇಳಿಸಿಕೊಂಡು, ‘ಕ್ಯೂಇಎಂಯು’ ಎಂಬ ಮುಕ್ತ ತಂತ್ರಾಂಶದ ಉಪಕರಣದಿಂದ ಬೇರೆ ರೂಪಕ್ಕೆ ತಿರುಗಿಸಿ, ವಿಭಾಗದ ಸ್ವಂತ ಗಣಕದಲ್ಲಿಯೇ ನಡೆಸಲು ಸಾಧ್ಯವಿದೆ. ಹೀಗೆ ಹೊರಗೆ ತಂದು ನಡೆಸಿ ನೋಡದ ಅಚ್ಚನ್ನು ಸಂರಕ್ಷಿತವೆಂದು ಕರೆಯಬಾರದು.

ನಾಲ್ಕನೆಯದು ಹೆಚ್ಚು ಸೂಕ್ಷ್ಮವಾದುದು. ಗುರುತು ಅಳಿಸುವ ಆದೇಶವು ಎಲ್ಲ ಗುಟ್ಟುಗಳನ್ನೂ ಅಳಿಸುತ್ತದೆಂಬ ಖಾತರಿಯನ್ನು ಅದನ್ನು ರೂಪಿಸಿದವರೇ ಕೊಡುವುದಿಲ್ಲ. ಜಾನಪದ ಕ್ಷೇತ್ರಕಾರ್ಯದಲ್ಲಿ ವಕ್ತೃಗಳು ನಂಬಿಕೆಯಿಂದ ಹೇಳಿದ ಮಾತಿನ ಧ್ವನಿಮುದ್ರಣ, ಅವರ ಹೆಸರು, ಊರು, ಜಾತಿಯ ವಿವರಗಳು ಯಾವುದೋ ಕಡತಕೋಶದಲ್ಲಿ ಉಳಿದು ಅಚ್ಚಿನೊಡನೆ ಹಂಚಿಹೋದರೆ ಆಗುವ ಕೇಡು ತಾಂತ್ರಿಕವಾದುದಲ್ಲ, ಅದು ನಂಬಿಕೆದ್ರೋಹ. ಅಚ್ಚಿನಲ್ಲಿ ಉಪಕರಣಗಳು ಮಾತ್ರ ಇರಬೇಕು, ಸಾಮಗ್ರಿ ಎಂದೂ ಇರಬಾರದು ಎಂಬ ನಿಯಮವನ್ನು ಮೊದಲ ದಿನದಿಂದಲೇ ಪಾಲಿಸಬೇಕು. ಸಾಮಗ್ರಿಯನ್ನು ಬೇರೆ ಡಿಸ್ಕಿನಲ್ಲಿಟ್ಟು, ಅದನ್ನು ನೋಡುವ ಅಧಿಕಾರವನ್ನೂ ಬೇರೆಯಾಗಿ ನಿರ್ಧರಿಸಬೇಕು.

6. ಆಗಬೇಕಾದುದು

ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವ ನಿಯಮವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ 2009ರಲ್ಲಿ ತಂದಿತು. ಇನ್‌ಫ್ಲಿಬ್‌ನೆಟ್ ಕೇಂದ್ರದ ಶೋಧಗಂಗಾದಲ್ಲಿ ಕನ್ನಡದ ಪ್ರಬಂಧಗಳೂ ಇಂದು ಓದಲು ಸಿಗುತ್ತವೆ. ಆದರೆ ಹಳೆಯ ಸಂಕೇತದ ಫಾಂಟುಗಳಲ್ಲಿ ಸಿದ್ಧವಾದ ಪ್ರಬಂಧದ ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ, ಅದರಿಂದ ಒಂದು ಸಾಲನ್ನು ನಕಲಿಸಿಕೊಂಡರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಬರುತ್ತವೆ. ಅಂತಹ ಪ್ರಬಂಧದೊಳಗಿನ ಒಂದು ಪದವನ್ನು ಹುಡುಕುವುದೂ ಅಸಾಧ್ಯ. ಪುಟದ ಚಿತ್ರ ಉಳಿದು ಪಠ್ಯ ಅಳಿದ ಈ ಸ್ಥಿತಿಗೆ ಕಾರಣ ಆಯಾ ಸಂಶೋಧಕರ ಅಲಕ್ಷ್ಯವಲ್ಲ. ಪರಿಸರವನ್ನೂ ದಾಖಲಿಸಬೇಕೆಂಬ ಪದ್ಧತಿಯೇ ಇಲ್ಲದಿದ್ದುದು.

ಈ ದಿಸೆಯಲ್ಲಿ ಮೂರು ಹೆಜ್ಜೆಗಳನ್ನು ಇಡಬಹುದು. ಗಣಕವನ್ನು ಆಧರಿಸಿದ ಪ್ರಬಂಧಗಳಲ್ಲಿ ಆದೇಶಪಟ್ಟಿಯೂ ಪರೀಕ್ಷಾಪಠ್ಯವೂ ಅನುಬಂಧದ ಭಾಗವಾಗಬೇಕು. ಪ್ರತಿ ವಿಭಾಗವೂ ಬಿಡಿಬಿಡಿಯಾಗಿ ದುಡಿಯುವ ಬದಲು, ರಾಜ್ಯದ ಕನ್ನಡ ಅಧ್ಯಯನ ವಿಭಾಗಗಳು ಕೂಡಿ ಹಳಗನ್ನಡಕ್ಕೆ ಒಂದು, ಹಳೆಯ ಸಂಕೇತಗಳ ಪರಿವರ್ತನೆಗೆ ಒಂದು, ಮುದ್ರಿತ ಪುಟಗಳ ಅಕ್ಷರಗ್ರಹಣಕ್ಕೆ ಒಂದು ಹೀಗೆ ಕೆಲವೇ ಅಚ್ಚುಗಳನ್ನು ರೂಪಿಸಿ, ಆವೃತ್ತಿಯ ಸಂಖ್ಯೆಯೊಡನೆ ಹಂಚಿಕೊಳ್ಳಬೇಕು. ಭದ್ರತೆಯ ತಿದ್ದುಪಡಿಗಳಿಗಾಗಿ ಹೊಸ ಆವೃತ್ತಿಗಳು ಕಾಲಕಾಲಕ್ಕೆ ಬರಲೇಬೇಕು. ಹಳೆಯ ಆವೃತ್ತಿಗಳನ್ನು ಜಾಲದ ಸಂಪರ್ಕವಿಲ್ಲದೆ, ಪರಿಶೀಲನೆಗಾಗಿ ಮಾತ್ರ ಉಳಿಸಬೇಕು. ಹಸ್ತಪ್ರತಿಶಾಸ್ತ್ರ, ಗ್ರಂಥಸಂಪಾದನೆಗಳನ್ನು ಬೋಧಿಸುವ ಸ್ನಾತಕೋತ್ತರ ತರಗತಿಯಲ್ಲಿಯೇ ಈ ವಿಷಯಕ್ಕೂ ಕೆಲವು ಗಂಟೆಗಳು ಮೀಸಲಾಗಬೇಕು. ಪ್ರತಿ, ಮಾತೃಕೆ, ಪಾಠಾಂತರಗಳ ಪರಿಕಲ್ಪನೆಯನ್ನು ಅರಿತ ವಿದ್ಯಾರ್ಥಿಗೆ ಇದು ಅಪರಿಚಿತವೆನಿಸದು.

ಈ ಯಾವುದಕ್ಕೂ ದೊಡ್ಡ ಯೋಜನೆಯ ಮಂಜೂರಾತಿಗಾಗಿ ಕಾಯಬೇಕಾಗಿಲ್ಲ. ಮೌಖಿಕ ಪರೀಕ್ಷೆಯಲ್ಲಿ ‘ಈ ಪಾಠಕ್ಕೆ ಆಧಾರಪ್ರತಿ ಯಾವುದು?’ ಎಂದು ಕೇಳುವ ಪರೀಕ್ಷಕರು, ಪದಸೂಚಿಯ ಪುಟವನ್ನು ತೆರೆದಾಗ ‘ಇದು ಯಾವ ಅಚ್ಚಿನ ಯಂತ್ರದಲ್ಲಿ, ಯಾವ ಆದೇಶಪಟ್ಟಿಯಿಂದ ಸಿದ್ಧವಾಯಿತು?’ ಎಂದೂ ಕೇಳತೊಡಗಿದರೆ ಸಾಕು. ಉತ್ತರ ಕೊಡಬೇಕಾದ ಹೊಣೆ ಬಂದಾಗ ದಾಖಲಿಸುವ ಅಭ್ಯಾಸವೂ ಬೆಳೆಯುತ್ತದೆ.